ಪ್ರವಾಸದ ಮಧ್ಯೆ ಬಿರುಮಳೆ ಮುನ್ಸೂಚನೆ: ಮುಂದಿನ ತಾಣಕ್ಕೆ ಹೋಗೋದಾ, ಉಳಿಯೋದಾ, ಹಿಂದಿರುಗೋದಾ?

ಹಸಿರುಡೇರೆ:

ಎಲ್ಲರಿಗೂ ನಮಸ್ಕಾರ. ಇವತ್ತು ರಾತ್ರಿಯೊಳಗೆ ಒಂದು ತೀರ್ಮಾನಕ್ಕೆ ಬರಬೇಕಿದೆ, ಅದಕ್ಕೇ ಸುತ್ತಿ ಬಳಸದೆ ಕೇಳ್ತಿದ್ದೀನಿ.

ಕಾರಿನಲ್ಲಿ ಸಂಸಾರ ಸಮೇತ ಕ್ಯಾಂಪಿಂಗ್‌ಗೆ ಬಂದಿದ್ದೀವಿ. ನಾನು, ಯಜಮಾನರು, 9 ವರ್ಷದ ಮಗಳು, 4 ವರ್ಷದ ಮಗ, ಜೊತೆಗೆ ನಮ್ಮ ಅತ್ತೆ. ಮೊದಲ ತಾಣ ಚೆನ್ನಾಗಿ ಮುಗೀತು, ಈಗ ಎರಡನೆಯದರಲ್ಲಿದ್ದೀವಿ. ಇದು ಸ್ವಲ್ಪ ಎತ್ತರದ ಬಯಲು. ನಾಳೆ ಬೆಳಗ್ಗೆ ಮೂರನೆಯದಕ್ಕೆ ಹೊರಡಬೇಕು. ಅದು ಎರಡು ಗುಡ್ಡಗಳ ನಡುವಿನ ಹೊಳೆ ದಂಡೆ, ಕೊನೆಯ ಒಂದಿಷ್ಟು ದೂರ ತಿರುವುಗಳ ಇಳಿಜಾರು ರಸ್ತೆ. ಮಕ್ಕಳು ಮೊದಲಿನಿಂದಲೂ ಕಾಯ್ತಿರೋದೇ ಆ ಜಾಗಕ್ಕೆ.

ಮಧ್ಯಾಹ್ನದಿಂದ ಮುನ್ಸೂಚನೆ ಬದಲಾಗಿದೆ. ನಾಳೆ ಮಧ್ಯಾಹ್ನದ ಮೇಲೆ ಗುಡುಗು ಸಹಿತ ಭಾರಿ ಮಳೆ, ಗಂಟೆಗೆ 60 ಕಿ.ಮೀ.ವರೆಗೆ ಬೀಸುಗಾಳಿ, ನಾಡಿದ್ದು ಬೆಳಗಿನವರೆಗೂ ಇದೇ ಅಂತ ತೋರಿಸ್ತಿದೆ. ಯಜಮಾನರು "ದುಡ್ಡು ಕಟ್ಟಿ ಆಗಿದೆ, ವಾಪಸ್ ಕೊಡಲ್ಲ ಅಂತಾರೆ, ಮಳೆ ಬಂದ್ರೆ ಬರಲಿ, ಹೋಗೋಣ" ಅಂತಿದ್ದಾರೆ. ಅತ್ತೆ ಏನೂ ಹೇಳ್ತಿಲ್ಲ, ಆದರೆ ಇಷ್ಟವಿಲ್ಲ ಅನ್ನೋದು ಮುಖ ನೋಡಿದ್ರೇ ಗೊತ್ತಾಗುತ್ತೆ. ನನಗೆ ಮಕ್ಕಳ ಚಿಂತೆ.

ಹತ್ತಿರ ಇರೋದು 6 ಜನ ಹಿಡಿಸೋ ಎತ್ತರದ ಟೆಂಟ್, ಒಂದು ಟಾರ್ಪಾಲ್, ಸಣ್ಣ ಗ್ಯಾಸ್ ಸ್ಟವ್, ಸ್ಲೀಪಿಂಗ್ ಬ್ಯಾಗ್‌ಗಳು. ಅನುಭವ ಇರೋರು ದಯವಿಟ್ಟು ಹೇಳಿ.

ಮೋಡನೋಡುಗ:

ಮೇಡಂ, ಬರೀ ಮಳೆಯಾದರೆ ಟೆಂಟ್‌ನಲ್ಲಿ ಇರಬಹುದು. ಎಷ್ಟೋ ಕುಟುಂಬಗಳು ಇರ್ತವೆ, ಖುಷಿಯಾಗೇ ಇರ್ತವೆ. ಜಾಗ ಖಾಲಿ ಮಾಡಿಸೋದು ಗಾಳಿ, ಸಿಡಿಲು, ಏರುವ ನೀರು, ಚಳಿ. ನೀವು ವಿವರಿಸಿದ ಹೊಳೆ ದಂಡೆಯಲ್ಲಿ ಈ ನಾಲ್ಕೂ ಒಟ್ಟಿಗೆ ಸೇರ್ತಿವೆ, ನನ್ನ ಆತಂಕ ಅದು.

ಮೊದಲು ಗಾಳಿ. ಮುನ್ಸೂಚನೆಯಲ್ಲಿ ಎರಡು ಅಂಕಿ ಇರುತ್ತೆ. ಒಂದು ಸರಾಸರಿ ವೇಗ, ಸಾಮಾನ್ಯವಾಗಿ 10 ನಿಮಿಷದ ಲೆಕ್ಕ. ಇನ್ನೊಂದು ಬೀಸುಗಾಳಿ, ಅಂದರೆ ಕೆಲವೇ ಸೆಕೆಂಡ್ ರಭಸವಾಗಿ ನುಗ್ಗೋದು. ಟೆಂಟಿನ ಕಂಬಿ ಬಾಗಿಸೋದು ಈ ಎರಡನೆಯದು. ಗಾಳಿಯ ಒತ್ತಡ ವೇಗದ ವರ್ಗದಷ್ಟು ಏರುತ್ತೆ, ಹಾಗಾಗಿ 30 ಕಿ.ಮೀ. ಇದ್ದದ್ದು 60 ಆದರೆ ಬಟ್ಟೆಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತೆ. 1805ರಲ್ಲಿ ಫ್ರಾನ್ಸಿಸ್ ಬ್ಯೂಫೋರ್ಟ್ ಹಡಗಿನವರಿಗಾಗಿ ರೂಪಿಸಿದ ಮಾಪಕಕ್ಕೆ ಆಮೇಲೆ ನೆಲದ ಮೇಲಿನ ಗುರುತುಗಳನ್ನೂ ಸೇರಿಸಿದ್ದಾರೆ. ಉಪಕರಣ ಇಲ್ಲದೆ ಗಾಳಿ ಅಳೆಯೋಕೆ ಅದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ. ದೊಡ್ಡ ಕೊಂಬೆಗಳು ಓಲಾಡ್ತಾ ಛತ್ರಿ ಹಿಡಿಯೋದು ಕಷ್ಟವಾದರೆ ಗಂಟೆಗೆ 39ರಿಂದ 49 ಕಿ.ಮೀ. ಇಡೀ ಮರ ತೂಗಾಡ್ತಾ ಗಾಳಿಗೆ ಎದುರಾಗಿ ನಡೆಯೋಕೆ ತ್ರಾಸಾದರೆ 50ರಿಂದ 61. ರೆಂಬೆಗಳು ಮುರಿದು ಬೀಳ್ತಿದ್ದರೆ 62 ದಾಟಿದೆ ಅಂತ ಲೆಕ್ಕ. ಆಳೆತ್ತರದ ಗೋಡೆಗಳಿರೋ ಫ್ಯಾಮಿಲಿ ಟೆಂಟ್‌ನಲ್ಲಿ ಮಕ್ಕಳನ್ನ ಇಟ್ಟುಕೊಂಡು ಆ ಎರಡನೇ ಹಂತಕ್ಕೆ ನಾನು ಕಾಯಲ್ಲ.

ಸಿಡಿಲಿಗೆ ಎಣಿಕೆ ಇದೆ. ಮಿಂಚಿದ ಕ್ಷಣದಿಂದ ಗುಡುಗು ಕೇಳೋವರೆಗೆ ಎಣಿಸಿ. ಶಬ್ದಕ್ಕೆ ಒಂದು ಕಿ.ಮೀ. ದಾಟೋಕೆ ಸುಮಾರು 3 ಸೆಕೆಂಡ್ ಬೇಕು. 30 ಎಣಿಸೋದರೊಳಗೆ ಗುಡುಗಿದರೆ ಅದು 10 ಕಿ.ಮೀ. ಒಳಗಿದೆ, ಕಟ್ಟಡಕ್ಕೋ ಕಾರಿಗೋ ಸೇರಿಕೊಳ್ಳಬೇಕು. ಕೊನೆಯ ಗುಡುಗು ಕೇಳಿದ ಮೇಲೂ 30 ನಿಮಿಷ ಹೊರಗೆ ಬರಬಾರದು. ಟೆಂಟ್‌ನೊಳಗೆ ಇರೋದೂ ಬಯಲಲ್ಲಿ ಇರೋದೂ ಸಿಡಿಲಿನ ಮಟ್ಟಿಗೆ ಒಂದೇ.

ಇನ್ನು ಹೊಳೆ. ನೀವು ಮಲಗೋ ಜಾಗದಲ್ಲಿ ಎಷ್ಟು ಮಳೆ ಅಂತ ನೋಡಿದರೆ ಸಾಲದು, ಹೊಳೆ ಎಲ್ಲಿಂದ ಹರಿದು ಬರುತ್ತೋ ಆ ಮೇಲಿನ ಗುಡ್ಡಗಳಲ್ಲಿ ಎಷ್ಟು ಅಂತ ನೋಡಿ. ಮೇಲೆ ಸುರಿದು ಕೆಳಗೆ ಒಂದು ಹನಿ ಬೀಳದಿದ್ದರೂ ನೀರು ಏರುತ್ತೆ. ಇಕ್ಕಟ್ಟಾದ ಕಣಿವೆಯಲ್ಲಿ ಅದು ನಿಧಾನವಾಗಿ ಏರುತ್ತೆ ಅನ್ನೋ ಭರವಸೆ ಇಟ್ಟುಕೊಳ್ಳಬೇಡಿ.

ಗುಡ್ಡದಹಾದಿ:

ಮೋಡನೋಡುಗರ ಮಾತು ಸರಿ, ಆದರೆ ಎಲ್ಲರೂ ಸೇರಿ ಇವರನ್ನ ಮನೆಗೆ ಕಳಿಸಿಬಿಡಬೇಡಿ. ಹೊಳೆ ದಂಡೆ ಬೇಡ ಅನ್ನೋದನ್ನ ಒಪ್ತೀನಿ. ಹಾಗಂತ ಪ್ರವಾಸವೇ ಮುಗೀತು ಅಂತ ಅಲ್ಲ. ಈಗಿರೋ ಜಾಗ ಎತ್ತರದಲ್ಲಿದೆ ಅಂತಿದ್ದಾರೆ. ಅಲ್ಲೇ ಇನ್ನೊಂದು ರಾತ್ರಿ ಸಿಗುತ್ತಾ ಕೇಳಲಿ. ಅಥವಾ ಗಟ್ಟಿ ಸೂರಿರೋ ವಸತಿ ಹತ್ತಿರದಲ್ಲಿದ್ದರೆ ಆ ರಾತ್ರಿ ಅಲ್ಲಿ ಕಳೆದು, ಬಿಸಿಲು ಬಂದ ಮೇಲೆ ಟೆಂಟ್ ಹಾಕಲಿ.

ಉಳಿಯೋದಾದರೆ ಟಾರ್ಪಾಲ್ ಕೆಲಸ ಈಗಲೇ ಆಗಬೇಕು. ಮಳೆಯಲ್ಲಿ ಮೊದಲು ಕಟ್ಟೋದು, ಕೊನೆಗೆ ಬಿಚ್ಚೋದು ಟಾರ್ಪಾಲ್. ಅದರ ಕೆಳಗೆ ನಿಂತು ಟೆಂಟ್ ಎಬ್ಬಿಸಿದರೆ ಒಳಬಟ್ಟೆ ಒಣಗಿರುತ್ತೆ. ಟೆಂಟ್ ಬಾಗಿಲ ಮುಂದೆ ಒಂದು ಮೂಲೆಯನ್ನ ಉಳಿದ ಮೂರಕ್ಕಿಂತ ತಗ್ಗಾಗಿ ಕಟ್ಟಿ, ನೀರು ಅಲ್ಲೊಂದೇ ಕಡೆ ಧಾರೆಯಾಗಿ ಇಳಿಯುತ್ತೆ. ನಾಲ್ಕೂ ಮೂಲೆ ಸಮ ಎತ್ತರದಲ್ಲಿ ಬಿಗಿದರೆ ನಡುವೆ ನೀರು ತುಂಬಿ ಜೋತು ಬಿದ್ದು, ಯಾರ ತಲೆ ಮೇಲೋ ಒಮ್ಮೆಲೇ ಸುರಿಯುತ್ತೆ. ಗಾಳಿ ಬರೋ ಕಡೆಯ ಅಂಚು ನೆಲದ ಹತ್ತಿರ ಇರಲಿ. ಗಾಳಿ ಜೋರಾದರೆ ಟಾರ್ಪಾಲ್ ಇಳಿಸಿಬಿಡಿ, ಅದು ಟೆಂಟ್ ಮೇಲೆ ಬಡಿದು ಹರಿಯೋದಕ್ಕಿಂತ ಮಡಚಿಡೋದು ಮೇಲು.

ಮಳೆ ಹನಿ ಬಟ್ಟೆ ಮೇಲೆ ಬೀಳೋ ಸದ್ದು ಕೇಳ್ತಾ ಮಲಗೋದು ಮಕ್ಕಳಿಗೆ ಸಿಗಬೇಕಾದ ಅನುಭವ. ಅದನ್ನ ತಪ್ಪಿಸಬೇಡಿ ಅನ್ನೋದಷ್ಟೇ ನನ್ನ ಆಸೆ.

ಗೂಟಹಗ್ಗ:

ಟೆಂಟ್ ಬಗ್ಗೆ ನಾನು ಹೇಳ್ತೀನಿ, ನನ್ನ ಇಷ್ಟದ ವಿಷಯ.

ಹೊರಹೊದಿಕೆಯ ಲೇಬಲ್ ನೋಡಿ, 1500 ಅಥವಾ 3000 ಮಿ.ಮೀ. ಅಂತ ಬರೆದಿರುತ್ತೆ. ಅಷ್ಟು ಎತ್ತರದ ನೀರಿನ ಕಂಬ ಮೇಲಿಂದ ಒತ್ತಿದರೂ ಬಟ್ಟೆ ಸೋರಲ್ಲ ಅಂತ ಅದರ ಅರ್ಥ. ಮಾಡಿಗೆ 1500 ನಡೆಯುತ್ತೆ. ನೆಲಕ್ಕೆ ಹೆಚ್ಚು ಬೇಕು, ಯಾಕಂದ್ರೆ ನೀವು ಮೊಣಕಾಲೂರಿದಾಗ ಆ ಒಂದು ಜಾಗದ ಮೇಲೆ ಬೀಳೋ ಒತ್ತಡ ಮಳೆಹನಿಯದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಹೊಸ ಟೆಂಟೂ ಸೋರೋದು ಹೊಲಿಗೆಯಲ್ಲಿ. ಒಳಗಿನಿಂದ ಹೊಲಿಗೆ ಮೇಲೆ ಅಂಟಿಸಿರೋ ಪಟ್ಟಿ ಎದ್ದಿದೆಯಾ ಅಂತ ಇವತ್ತು ಬೆಳಕಿದ್ದಾಗಲೇ ಬೆರಳಾಡಿಸಿ ನೋಡಿ.

ಕೆಳಗೆ ಹಾಸೋ ಶೀಟು ಟೆಂಟ್‌ಗಿಂತ ಒಂದು ಬೆರಳೂ ಹೊರಗೆ ಚಾಚಿರಬಾರದು. ಚಾಚಿದ್ದರೆ ಗೋಡೆಯಿಂದ ಇಳಿದ ನೀರನ್ನ ಅದೇ ಹಿಡಿದು ನಿಮ್ಮ ಹಾಸಿಗೆ ಕೆಳಗೆ ತರುತ್ತೆ. ಅಂಚನ್ನ ಒಳಕ್ಕೆ ಮಡಚಿ. ಬೆಳಗ್ಗೆ "ಟೆಂಟ್ ಸೋರಿತು" ಅಂತ ದೂರೋರಲ್ಲಿ ಬಹಳಷ್ಟು ಜನರದ್ದು ಈ ಕಥೆ.

ಗೂಟ ನೆಟ್ಟಗೆ ಹೊಡೆಯಬೇಡಿ. ತಲೆ ಟೆಂಟಿನಿಂದ ಆಚೆಗೆ ವಾಲಿರಲಿ, ಮೊನೆ ಟೆಂಟಿನ ಕಡೆಗೆ, ಸುಮಾರು 45 ಡಿಗ್ರಿ. ಹಗ್ಗ ಎಳೆದಾಗ ಗೂಟಕ್ಕೂ ಹಗ್ಗಕ್ಕೂ ಹತ್ತಿರ ಹತ್ತಿರ ಲಂಬ ಕೋನ ಬರಬೇಕು. ಎಲ್ಲಾ ಹಗ್ಗಗಳನ್ನೂ ಕಟ್ಟಿ. ಚೀಲದೊಳಗೇ ಸುತ್ತಿಟ್ಟ ಹಗ್ಗಗಳು ಇರ್ತವಲ್ಲ, ಅವು ಇಂಥ ರಾತ್ರಿಗೇ ಇರೋದು. ನೈಲಾನ್ ಬಟ್ಟೆ ನೆನೆದರೆ ಹಿಗ್ಗಿ ಜೋಲುತ್ತೆ, ಹೊರಹೊದಿಕೆ ಒಳಗಿನ ಗೋಡೆಗೆ ತಾಗಿದ ಕಡೆಯೆಲ್ಲ ನೀರು ಇಳಿಯುತ್ತೆ. ಹಾಗಾಗಿ ಮಳೆ ಶುರುವಾಗಿ ಸ್ವಲ್ಪ ಹೊತ್ತಿಗೆ ಒಬ್ಬರು ಹೊರಗೆ ಹೋಗಿ ಹಗ್ಗಗಳನ್ನ ಮತ್ತೆ ಬಿಗಿಯಬೇಕು. ಗುಡುಗಿದ್ದರೆ ಬೇಡ, ಜೋಲಿದರೆ ಜೋಲಲಿ.

ಗಾಳಿಕಿಂಡಿ ಮುಚ್ಚಬೇಡಿ. ಐದು ಜನರ ಉಸಿರಿನ ತೇವ ರಾತ್ರಿಯಿಡೀ ಮಾಡಿಗೆ ಹತ್ತಿ ಹನಿಯಾಗಿ ಬೀಳುತ್ತೆ, ಮಳೆಯಿಂದ ಉಳಿದರೂ ಅದರಲ್ಲಿ ನೆನೀತೀರಿ.

ಟೆಂಟ್ ಹಾಕೋಕೆ ಮುಂಚೆ ತಲೆಯೆತ್ತಿ ನೋಡಿ. ಒಣಕೊಂಬೆ, ಮುರಿದು ನೇತಾಡ್ತಿರೋ ಕೊಂಬೆ, ವಾಲಿದ ಮರ ಕಂಡರೆ ಅಲ್ಲಿ ಬೇಡ. ಕಾರನ್ನೂ ಅಲ್ಲಿ ನಿಲ್ಲಿಸಬೇಡಿ.

ಇಬ್ಬರಮ್ಮ:

ಅಕ್ಕಾ, ನಿಮ್ಮ ಬರಹ ಓದ್ತಾ ನನಗೆ ಮೊದಲು ಕಂಡಿದ್ದು ನಿಮ್ಮ ಅತ್ತೆ. ಅವರನ್ನ ಎಲ್ಲರ ಮುಂದೆ ಕೇಳಬೇಡಿ, ಮಗನ ಎದುರು "ಬೇಡ" ಅನ್ನೋಕೆ ಅವರಿಗೆ ಸಂಕೋಚ ಇರುತ್ತೆ. ಪಕ್ಕದಲ್ಲಿ ಕೂತು ಕೇಳಿ: ರಾತ್ರಿ ಎಷ್ಟು ಸಲ ಏಳಬೇಕಾಗುತ್ತೆ, ಕೆಸರಲ್ಲಿ ಟಾರ್ಚ್ ಹಿಡಿದು ಶೌಚಾಲಯದವರೆಗೆ ನಡೆಯೋಕೆ ಆಗುತ್ತಾ, ಮಂಡಿ ಹೇಗಿದೆ. ಬಿರುಮಳೆ ರಾತ್ರಿಯಲ್ಲಿ ಕುಟುಂಬದ ನಡಿಗೆ ಅತ್ಯಂತ ನಿಧಾನದವರ ನಡಿಗೆಯೇ. ನಾಲ್ಕು ವರ್ಷದ ಮಗುವನ್ನ ಎತ್ತಿಕೊಂಡು, ಹಿರಿಯರ ಕೈ ಹಿಡಿದು ಟೆಂಟ್‌ನಿಂದ ಕಾರಿಗೆ ಎಷ್ಟು ಹೊತ್ತಲ್ಲಿ ಹೋಗಬಲ್ಲಿರಿ? ಇವತ್ತು ಒಣ ನೆಲದಲ್ಲಿ ಒಂದು ಸಲ ಎಲ್ಲರೂ ನಡೆದು ನೋಡಿ. ಮಕ್ಕಳಿಗೆ ಅದು ಆಟ, ನಿಮಗೆ ಲೆಕ್ಕ ಸಿಗುತ್ತೆ.

ಇನ್ನೊಂದು ವಿಷಯ, ಇದನ್ನ ನಾನು ಒತ್ತಿ ಹೇಳ್ತೀನಿ. ಬಿಡೋ ತೀರ್ಮಾನವನ್ನ ರಾತ್ರಿ ಎರಡು ಗಂಟೆಗೆ ತಗೊಳ್ಳೋ ಹಾಗೆ ಇಟ್ಟುಕೊಳ್ಳಬೇಡಿ. ಮಕ್ಕಳು ಮಲಗಿರ್ತಾರೆ, ಎಬ್ಬಿಸೋಕೆ ಮನಸ್ಸು ಬರಲ್ಲ. ಹೊರಗೆ ಕತ್ತಲು, ರಸ್ತೆ ಕಾಣಲ್ಲ. "ಇನ್ನೊಂದು ಸ್ವಲ್ಪ ನೋಡೋಣ" ಅಂತ ಅಂದುಕೊಂಡೇ ಬೆಳಗಾಗುತ್ತೆ, ಅಥವಾ ಬೆಳಗಾಗೋಕೆ ಮುಂಚೆ ಏನೋ ಆಗುತ್ತೆ. ಬೆಳಕಿದ್ದಾಗ, ಬಟ್ಟೆ ಒಣಗಿದ್ದಾಗ, ಎಲ್ಲರಿಗೂ ಹೊಟ್ಟೆ ತುಂಬಿದ್ದಾಗ ಕೂತು ಮಾತಾಡಿ: ಇಂತಿಷ್ಟು ಗಾಳಿ ಅಂದ್ರೆ ಹೊರಡ್ತೀವಿ, ಇಷ್ಟು ಗಂಟೆಯೊಳಗೆ ಮುನ್ಸೂಚನೆ ಸುಧಾರಿಸದಿದ್ರೆ ಹೊರಡ್ತೀವಿ. ಮಾತಾಗಿಬಿಟ್ಟರೆ ಆಮೇಲೆ ಗಂಡ ಹೆಂಡತಿ ಜಗಳ ಇಲ್ಲ. ಯಾರೂ ಸೋತ ಹಾಗೂ ಆಗಲ್ಲ.

ಮಕ್ಕಳಿಗೆ ಒಂದು ಮಳೆ ಚೀಲ ಬೇರೆ ಮಾಡಿ. ಪ್ರತಿಯೊಬ್ಬರಿಗೂ ಒಂದು ಜೊತೆ ಪೂರ್ತಿ ಒಣ ಬಟ್ಟೆ, ಕಾಲುಚೀಲ, ಟೋಪಿ, ಟವೆಲ್, ಟಾರ್ಚ್, ಬೇಕಾದ ಔಷಧಿ. ದಪ್ಪ ಪ್ಲಾಸ್ಟಿಕ್ ಕವರಲ್ಲಿ ಗಂಟು ಕಟ್ಟಿ ಕಾರಿನ ಒಳಗೆ ಇಡಿ, ಟೆಂಟ್‌ನಲ್ಲಿ ಬೇಡ, ಡಿಕ್ಕಿಯ ತಳದಲ್ಲೂ ಬೇಡ. ಅದಕ್ಕೆ ಆ ರಾತ್ರಿವರೆಗೆ ಯಾರೂ ಕೈ ಹಾಕಬಾರದು.

ಹೆದ್ದಾರಿಹಕ್ಕಿ:

ರಸ್ತೆ ಬಗ್ಗೆ ಯಾರೂ ಹೇಳಿಲ್ಲ. ನನ್ನ ಪ್ರಕಾರ ನಿಮ್ಮ ನಾಳೆಯ ದಿನದಲ್ಲಿ ಟೆಂಟ್‌ಗಿಂತ ಹೆಚ್ಚು ಅಪಾಯ ಆ ಇಳಿಜಾರು ರಸ್ತೆಯಲ್ಲಿದೆ.

ನೀರು ಹರೀತಿರೋ ರಸ್ತೆ ದಾಟಲೇಬೇಡಿ. ಪಾದ ಮುಳುಗಿ ಸ್ವಲ್ಪ ಮೇಲೆ, ಅಂದರೆ 15 ಸೆಂ.ಮೀ. ರಭಸದ ನೀರು ದೊಡ್ಡವರನ್ನ ಬೀಳಿಸಬಲ್ಲದು. 30 ಸೆಂ.ಮೀ. ಇದ್ದರೆ ಸಣ್ಣ ಕಾರು ತೇಲೋಕೆ ಶುರುವಾಗುತ್ತೆ, 60 ಸೆಂ.ಮೀ. ಹರಿವು ದೊಡ್ಡ ಗಾಡಿಗಳನ್ನೂ ಕೊಚ್ಚಿಕೊಂಡು ಹೋಗುತ್ತೆ. ಗಾಡಿ ಭಾರ ಇದೆಯಲ್ಲ ಅಂತ ಅನ್ನಿಸಬಹುದು. ಒಂದು ಘನ ಮೀಟರ್ ನೀರಿನ ತೂಕ 1000 ಕೆ.ಜಿ. ಕಾರಿನ ಹೊಟ್ಟೆಯೊಳಗೆ ಗಾಳಿ ತುಂಬಿರುತ್ತೆ, ಅದು ಎದ್ದು ನಿಲ್ಲೋಕೆ ಬಹಳ ನೀರು ಬೇಕಿಲ್ಲ. ಮೇಲಾಗಿ ಕೆಂಪು ನೀರಿನ ಕೆಳಗೆ ರಸ್ತೆ ಇದೆಯೋ ಕೊರೆದು ಹೋಗಿದೆಯೋ ಕಾಣಲ್ಲ. ಮುಂದಿನ ಗಾಡಿ ದಾಟಿತು ಅಂತ ನೀವು ದಾಟಬೇಡಿ.

ಟೈರ್ ನೋಡಿಕೊಂಡಿದ್ದೀರಾ? ಅನೇಕ ದೇಶಗಳಲ್ಲಿ ಕಾನೂನಿನ ಮಿತಿ 1.6 ಮಿ.ಮೀ. ಗೀರು ಆಳ. ಮಳೆಗೆ ಅದು ಸಾಲದು, 3 ಮಿ.ಮೀ. ಆದರೂ ಇರಲಿ. ಗೀರು ಸವೆದಿದ್ದರೆ ನೀರು ಆಚೆ ಹೋಗೋಕೆ ದಾರಿ ಇರಲ್ಲ, ಟೈರ್ ನೀರಿನ ಪದರದ ಮೇಲೆ ಏರಿಬಿಡುತ್ತೆ, ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತೆ. ಆಗ ಬ್ರೇಕ್ ಹೊಡೆಯಬೇಡಿ, ಸ್ಟೀರಿಂಗ್ ತಿರುವಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ನೇರ ಹಿಡಿದುಕೊಳ್ಳಿ, ಹಿಡಿತ ವಾಪಸ್ ಬರುತ್ತೆ. ಕ್ರೂಸ್ ಕಂಟ್ರೋಲ್ ಇದ್ದರೆ ಮಳೆಯಲ್ಲಿ ಆಫ್ ಮಾಡಿ. ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲೋಕೆ ಒಣ ರಸ್ತೆಯ ಎರಡರಷ್ಟು ದೂರವಾದರೂ ಬೇಕು. ಮುಂದಿನ ಗಾಡಿಗೆ 4 ಸೆಕೆಂಡ್ ಅಂತರ ಬಿಡಿ. ಗಂಟೆಗೆ 80ರಲ್ಲಿ ಹೋಗ್ತಿದ್ದರೆ ಒಂದು ಸೆಕೆಂಡಿಗೆ 22 ಮೀಟರ್ ಸಾಗ್ತೀರಿ.

ಹೆಡ್‌ಲೈಟ್ ಹಾಕಿ, ಓಡ್ತಾ ಇರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಬೇಡಿ. ಹಿಂದಿನವರಿಗೆ ನೀವು ನಿಂತಿದ್ದೀರೋ ತಿರುಗ್ತೀರೋ ಗೊತ್ತಾಗಲ್ಲ.

ಮೇಲಿನ ಕ್ಯಾರಿಯರ್‌ನಲ್ಲಿ ಸಾಮಾನಿದ್ದರೆ ಅಡ್ಡಗಾಳಿ ಹೊಡೆತ ಜಾಸ್ತಿ. ನೆನೆದ ಟೆಂಟ್ ಒಣ ಟೆಂಟ್‌ಗಿಂತ ಬಹಳ ಭಾರ, ಅದನ್ನ ಮೇಲೆ ಹಾಕಬೇಡಿ. ಸೇತುವೆ ಮೇಲೆ, ಗುಡ್ಡದ ಮರೆ ತಪ್ಪಿದ ತಿರುವಲ್ಲಿ, ದೊಡ್ಡ ಲಾರಿ ದಾಟಿದ ಕೂಡಲೇ ಗಾಡಿ ಪಕ್ಕಕ್ಕೆ ಎಳೆದ ಹಾಗಾಗುತ್ತೆ. ಎರಡೂ ಕೈ ಸ್ಟೀರಿಂಗ್ ಮೇಲಿರಲಿ.

ಒಟ್ಟಿನಲ್ಲಿ, ಹೊರಡೋದಾದರೆ ಮಳೆ ಶುರುವಾಗೋ ಮುಂಚೆ ಪೂರ್ತಿ ತಲುಪಿರಬೇಕು. ಇಲ್ಲಾಂದ್ರೆ ಹೊರಡಲೇಬೇಡಿ.

ಹಸಿರುಡೇರೆ:

ಎಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ಮನಸಾರೆ ಧನ್ಯವಾದ. ಯಜಮಾನರೂ ಪಕ್ಕದಲ್ಲೇ ಕೂತು ಓದ್ತಿದ್ದಾರೆ. ಹೊಳೆ ದಂಡೆ ಈಗ ಬೇಡ ಅನ್ನೋದಕ್ಕೆ ಅವರೂ ಒಪ್ಪಿದ್ದಾರೆ, ಆದರೆ ಕಟ್ಟಿದ ದುಡ್ಡು ಹೋಗುತ್ತಲ್ಲ ಅನ್ನೋದು ಮನಸ್ಸಲ್ಲಿದೆ. ಅವರದು ಇನ್ನೊಂದು ಪ್ರಶ್ನೆ: ಇಲ್ಲೇ ಉಳಿದು ಗಾಳಿ ಜೋರಾದರೆ ಕಾರಲ್ಲಿ ಮಲಗಬಹುದಾ? ಟೈರ್ ರಬ್ಬರ್ ಆದ್ದರಿಂದ ಸಿಡಿಲಿಗೂ ಭಯ ಇಲ್ಲ ಅಂತಾರೆ. ಚಳಿಗೆ ಎಂಜಿನ್ ಆನ್ ಮಾಡಿ ಹೀಟರ್ ಹಾಕಿಕೊಳ್ಳೋದು, ಅಥವಾ ಟೆಂಟ್‌ನಲ್ಲೇ ಸ್ಟವ್ ಸ್ವಲ್ಪ ಹೊತ್ತು ಉರಿಸೋದು ಸರಿಯಾ?

ದಾದಿಯಮಾತು:

ಸ್ಟವ್ ಬೇಡ. ಒಂದು ನಿಮಿಷಕ್ಕೂ ಬೇಡ. ದಯವಿಟ್ಟು ಯಜಮಾನರಿಗೆ ಇದನ್ನೇ ಮೊದಲು ಓದಿಸಿ.

ಟೆಂಟ್‌ನೊಳಗೆ ಗ್ಯಾಸ್ ಸ್ಟವ್, ಇದ್ದಿಲು ಒಲೆ, ನಂದಿದ ಹಾಗೆ ಕಾಣೋ ಕೆಂಡ, ಯಾವುದೂ ಕೂಡದು. ಬೆಂಕಿ ಹತ್ತೋ ಭಯ ಒಂದು ಕಡೆ ಇರಲಿ, ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಮೊದಲು ತಲೆನೋವು, ವಾಕರಿಕೆ, ಸುಸ್ತು. ದಿನವಿಡೀ ಓಡಾಡಿದ ಸುಸ್ತು ಅಂದುಕೊಂಡು ಮಲಗಿದವರು ಏಳಲ್ಲ. ಬಾಗಿಲು ಸ್ವಲ್ಪ ತೆರೆದಿದ್ದೀವಿ ಅನ್ನೋದು ರಕ್ಷಣೆ ಅಲ್ಲ. ಇದೇ ಕಾರಣಕ್ಕೆ ಎಂಜಿನ್ ಓಡಿಸಿಕೊಂಡು ಕಾರಲ್ಲಿ ನಿದ್ದೆ ಮಾಡಬಾರದು. ಸೈಲೆನ್ಸರ್ ಬಾಯಿಗೆ ಕೆಸರೋ ಹುಲ್ಲೋ ಅಡ್ಡ ಬಂದರೆ ಹೊಗೆ ಗಾಡಿಯ ಒಳಗೇ ಬರುತ್ತೆ.

ಚಳಿಯ ಬಗ್ಗೆ: ಹಿಮ ಬೀಳೋ ಜಾಗದಲ್ಲಿ ಮಾತ್ರ ದೇಹ ತಣ್ಣಗಾಗುತ್ತೆ ಅಂದುಕೊಳ್ಳಬೇಡಿ. ಒದ್ದೆ ಬಟ್ಟೆ, ಗಾಳಿ ಎರಡೂ ಸೇರಿದರೆ 10 ಡಿಗ್ರಿಯಲ್ಲೂ ಆಗುತ್ತೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆಯುತ್ತೆ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಆರುತ್ತೆ, ವಯಸ್ಸಾದವರಿಗೆ ನಡುಕ ಸರಿಯಾಗಿ ಬರದೆಯೂ ಇರಬಹುದು. ದೇಹದ ಒಳಗಿನ ತಾಪ 35 ಡಿಗ್ರಿಗಿಂತ ಇಳಿದರೆ ಅದು ತುರ್ತು ಸ್ಥಿತಿ. ಮಗು ನಡುಗ್ತಾ ಇದೆ, ಮಾತು ತೊದಲ್ತಾ ಇದೆ, ಜಿಪ್ ಹಾಕೋಕೆ ಬೆರಳು ಓಡ್ತಿಲ್ಲ, ಸುಮ್ಮನೆ ಮಂಕಾಗಿ ಕೂತಿದೆ ಅಂದ್ರೆ ತಡ ಮಾಡಬೇಡಿ. ಒದ್ದೆ ಬಟ್ಟೆ ಪೂರ್ತಿ ತೆಗೆದು ಒರೆಸಿ ಒಣ ಬಟ್ಟೆ, ಟೋಪಿ ಹಾಕಿ, ನಿಮ್ಮ ಮೈಗೆ ಆನಿಸಿ ಹೊದ್ದಿಸಿ. ಎಚ್ಚರವಾಗಿದ್ದರೆ ಬೆಚ್ಚಗಿನ ಸಿಹಿ ಪಾನೀಯ ಕೊಡಿ. ಕೈಕಾಲು ತಿಕ್ಕಬೇಡಿ. ನಡುಗ್ತಿದ್ದ ಮಗು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿದರೆ ಸುಧಾರಿಸಿತು ಅಂತ ಅಲ್ಲ, ಹದಗೆಟ್ಟಿದೆ ಅಂತ. ಆಗ ಆಸ್ಪತ್ರೆಯೇ.

ಮೋಡನೋಡುಗ:

ಕಾರು ಸಿಡಿಲಿನಿಂದ ಕಾಯುತ್ತೆ ಅನ್ನೋದು ಸರಿ, ಟೈರ್ ಕಾರಣ ಅಲ್ಲ. ಮೋಡದಿಂದ ಕಿ.ಮೀ.ಗಟ್ಟಲೆ ಗಾಳಿ ಸೀಳಿಕೊಂಡು ಬಂದ ವಿದ್ಯುತ್ತಿಗೆ ಕೆಲವು ಇಂಚಿನ ರಬ್ಬರ್ ಅಡ್ಡಿಯಾಗಲ್ಲ. ಕಾಯೋದು ಲೋಹದ ಮಾಡು ಮತ್ತು ಮೈ. ವಿದ್ಯುತ್ತು ಹೊರಗಿನ ಲೋಹದ ಮೇಲೇ ಹರಿದು ನೆಲಕ್ಕೆ ಇಳಿಯುತ್ತೆ, ಒಳಗಿರೋರಿಗೆ ತಾಗಲ್ಲ. ಮೈಕೇಲ್ ಫ್ಯಾರಡೆ 1836ರಲ್ಲೇ ಲೋಹ ಹೊದಿಸಿದ ಕೋಣೆಯೊಳಗೆ ನಿಂತು ಇದನ್ನ ತೋರಿಸಿದರು. ಹಾಗಾಗಿ ಬಟ್ಟೆ ಮಾಡಿನ ಗಾಡಿ, ಬೈಕ್ ಇವುಗಳಿಗೆ ಇದು ಅನ್ವಯಿಸಲ್ಲ. ಕಿಟಕಿ ಮುಚ್ಚಿ, ಬಾಗಿಲ ಲೋಹ ಮುಟ್ಟದೆ, ಚಾರ್ಜಿಂಗ್ ವೈರ್ ಹಿಡಿಯದೆ ಕೂತುಕೊಳ್ಳಿ. ಮರದಡಿ ನಿಲ್ಲಿಸಬೇಡಿ.

ಐದು ಜನ ಒಂದು ರಾತ್ರಿ ಕಾರಲ್ಲಿ ಕೂತು ಕಳೆಯಬಹುದು, ಆದರೆ ಮಲಗೋದು ಅಂತ ಕರೆಯೋಕಾಗಲ್ಲ. ಅತ್ತೆಯವರಿಗೆ ಕಷ್ಟ. ಕಾರು ತುರ್ತು ಆಸರೆಯಾಗಿರಲಿ, ಯೋಜನೆಯಾಗಿ ಬೇಡ.

ಇಬ್ಬರಮ್ಮ:

ದುಡ್ಡಿನ ವಿಷಯಕ್ಕೆ: ಅಣ್ಣಾ, ನೀವೂ ಓದ್ತಿದ್ದೀರಿ ಅಂತ ನಿಮಗೇ ಹೇಳ್ತೀನಿ. ಕಟ್ಟಿದ ದುಡ್ಡು ನೀವು ಹೋದರೂ ಹೋಗದಿದ್ದರೂ ಕೈ ಬಿಟ್ಟಿದೆ. ನಾಳೆ ಎಲ್ಲಿ ಮಲಗಬೇಕು ಅನ್ನೋದಕ್ಕೆ ಅದನ್ನ ಸೇರಿಸಬೇಡಿ. ಸಂಬಳದಲ್ಲಿ ಉಳಿಸಿ ಮಾಡೋ ಪ್ರವಾಸ ಇದು, ನೋವಾಗುತ್ತೆ, ಆ ನೋವು ಸಣ್ಣದು ಅಂತ ನಾನು ಅನ್ನಲ್ಲ. ತಾಣದವರಿಗೆ ಒಂದು ಫೋನ್ ಮಾಡಿ "ದುಡ್ಡು ವಾಪಸ್ ಬೇಡ, ದಿನ ಬದಲಾಯಿಸಿಕೊಡಿ" ಅಂತ ಕೇಳಿ. ವಾಪಸ್ ಕೊಡದವರೂ ಎಚ್ಚರಿಕೆ ಇರೋ ದಿನಗಳಲ್ಲಿ ದಿನ ಬದಲಾಯಿಸೋಕೆ ಒಪ್ಪೋದುಂಟು. ಅವರಿಗೂ ಹೊಳೆ ದಂಡೆಯಲ್ಲಿ ಜನ ಇರೋದು ತಲೆನೋವೇ.

ಮಗಳಿಗೆ 9 ವರ್ಷ ಅಂದ್ರಿ. ಅವಳಿಗೆ ಇದೆಲ್ಲಾ ಮುಚ್ಚಿಡಬೇಡಿ. ಮಿಂಚು ಗುಡುಗಿನ ಎಣಿಕೆ ಅವಳಿಗೆ ಕೊಡಿ. ಎಣಿಸೋ ಕೆಲಸ ಇದ್ದರೆ ಭಯ ಅರ್ಧ ಇಳಿಯುತ್ತೆ.

ಗುಡ್ಡದಹಾದಿ:

ಇದಕ್ಕೆ ನಂದೂ ಒಪ್ಪಿಗೆ. ಅತ್ತೆಯವರ ವಿಷಯ ಓದಿದ ಮೇಲೆ, ಆ ರಾತ್ರಿಗೆ ಗಟ್ಟಿ ಸೂರೇ ನೋಡಿಕೊಳ್ಳಿ ಅಂತ ಹೇಳ್ತೀನಿ. ಟೆಂಟನ್ನ ಇವತ್ತು ಸಂಜೆಯೇ, ಒಣಗಿರುವಾಗಲೇ ಅರ್ಧ ಮಡಚಿಡಿ, ಬೆಳಗ್ಗೆ ಬೇಗ ಹೊರಡಬಹುದು.

ಹಸಿರುಡೇರೆ:

ಏನಾಯ್ತು ಅಂತ ಹೇಳಬೇಕಲ್ಲ, ಬರೆಯೋದು ಸ್ವಲ್ಪ ತಡವಾಯ್ತು.

ಬೆಳಗ್ಗೆ ಬೇಗ ಎದ್ದು ಮುನ್ಸೂಚನೆ ನೋಡಿದೆವು, ಬದಲಾಗಿರಲಿಲ್ಲ. ತಾಣದವರಿಗೆ ಫೋನ್ ಮಾಡಿದಾಗ ಎರಡು ದಿನ ಮುಂದಕ್ಕೆ ಹಾಕಿಕೊಟ್ಟರು. ಇಳಿಜಾರು ರಸ್ತೆಗೆ ಹೋಗದೆ ಬಯಲಿನ ಊರೊಂದರಲ್ಲಿ ಕೋಣೆ ಹಿಡಿದೆವು, ಮೊದಲ ಹನಿ ಬೀಳೋ ಹೊತ್ತಿಗೆ ಸಾಮಾನೆಲ್ಲ ಒಳಗಿತ್ತು. ಕೋಣೆ ಸಿಕ್ಕ ಮೇಲೆ ಅತ್ತೆ ಬಾಯಿಬಿಟ್ಟು ಹೇಳಿದರು, ರಾತ್ರಿಯೆಲ್ಲಾ ಅದೇ ಯೋಚನೆಯಲ್ಲಿ ನಿದ್ದೆ ಬಂದಿರಲಿಲ್ಲವಂತೆ. ಕೇಳದೆ ಇದ್ದಿದ್ದರೆ ಹೇಳ್ತಿರಲಿಲ್ಲ. ಇಬ್ಬರಮ್ಮ ಅವರಿಗೆ ಇದಕ್ಕೆ ವಿಶೇಷ ಧನ್ಯವಾದ.

ಮಗಳು ಕಿಟಕಿ ಹತ್ತಿರ ಕೂತು ಎಣಿಸಿದ್ದೇ ಎಣಿಸಿದ್ದು. ಒಂದು ಸಲ 5 ಎಣಿಸೋದರೊಳಗೆ ಗುಡುಗಿತು. ತಮ್ಮನಿಗೆ "ಎರಡು ಕಿಲೋಮೀಟರೂ ಇಲ್ಲ" ಅಂತ ಲೆಕ್ಕ ಹೇಳಿಕೊಟ್ಟಳು.

ಮಳೆ ನಿಂತ ಮೇಲೆ ಹೊಳೆ ದಂಡೆಗೆ ಹೋದೆವು. ಅಲ್ಲಿ ಆ ರಾತ್ರಿ ಉಳಿದಿದ್ದ ಒಂದು ಕುಟುಂಬ ಸಿಕ್ಕಿತು. ಗಾಳಿ ಅಂದುಕೊಂಡಷ್ಟು ಇರಲಿಲ್ಲ, ನೀರು ಟೆಂಟ್‌ವರೆಗೆ ಬರಲಿಲ್ಲ, ಏನೂ ತೊಂದರೆ ಆಗಲಿಲ್ಲ ಅಂದರು. ಅದನ್ನ ಕೇಳಿ ಯಜಮಾನರ ಮುಖ ಸ್ವಲ್ಪ ಸಣ್ಣಗಾಯ್ತು. ಕೋಣೆ ಬಾಡಿಗೆ ಸುಮ್ಮನೆ ಕೊಟ್ಟ ಹಾಗಾಯ್ತಾ ಅಂತ.

ಹೆದ್ದಾರಿಹಕ್ಕಿ:

ಖಂಡಿತ ಇಲ್ಲ. ಆ ಕುಟುಂಬಕ್ಕೆ ಒಳ್ಳೇದಾಯ್ತು, ಸಂತೋಷ. ಆದರೆ ಹೊರಡುವಾಗ ನಿಮ್ಮ ಕೈಲಿದ್ದ ಮಾಹಿತಿ ಏನು? ಬೀಸುಗಾಳಿ, ಗುಡುಗು, ಇಕ್ಕಟ್ಟು ಕಣಿವೆ, ಪುಟ್ಟ ಮಗು, ಹಿರಿಯರು. ಅಷ್ಟರ ಮೇಲೆ ತಗೊಂಡ ತೀರ್ಮಾನ ಸರಿಯಾದದ್ದೇ. ಮಳೆ ಕಡಿಮೆ ಬಂತು ಅಂತ ಅದು ತಪ್ಪಾಗಲ್ಲ. ಮುಂದಿನ ಸಲ ಯಜಮಾನರು ಈ ಕುಟುಂಬದ ಉದಾಹರಣೆ ಕೊಟ್ಟು "ಏನೂ ಆಗಲ್ಲ" ಅಂದರೆ ದಯವಿಟ್ಟು ಈ ಮಾತು ನೆನಪಿಸಿ.

ಮೋಡನೋಡುಗ:

ಅದಕ್ಕೊಂದು ಸೇರಿಸ್ತೀನಿ. ಗುಡುಗುಮಳೆ ಒಂದು ಕಣಿವೆಯಲ್ಲಿ ಸುರಿದು ಪಕ್ಕದ ಕಣಿವೆಯಲ್ಲಿ ಹನಿಯೂ ಬೀಳದಿರೋದು ಮಾಮೂಲು. ಮುನ್ಸೂಚನೆಯಲ್ಲಿ 60% ಅಂದರೆ ದಿನದ 60% ಹೊತ್ತು ಸುರಿಯುತ್ತೆ ಅಂತಲ್ಲ, ಅಂಥ ಹತ್ತು ಸಂದರ್ಭಗಳಲ್ಲಿ ಆರರಲ್ಲಿ ಮಳೆ ಕಾಣಬಹುದು ಅಂತ. ಉಳಿದ ನಾಲ್ಕರಲ್ಲಿ ಅವರು ಸಿಕ್ಕಿಕೊಂಡರು, ಅಷ್ಟೇ.

ಹಸಿರುಡೇರೆ:

ಸಮಾಧಾನ ಆಯ್ತು. ಕೊನೆಯದಾಗಿ ಒಂದು ಸಣ್ಣ ಪ್ರಶ್ನೆ. ವಾಪಸ್ ಬರೋ ದಿನ ಬೆಳಗ್ಗೆ ಜಿಟಿಜಿಟಿ ಹನಿಯಲ್ಲೇ ಟೆಂಟ್ ಮಡಚಬೇಕಾಯ್ತು. ಈಗ ಮನೆಯಲ್ಲಿ ಚೀಲದೊಳಗೇ ಇದೆ, ನಾಳೆ ಬಿಚ್ಚಿದರೆ ಸಾಕಾ?

ಗೂಟಹಗ್ಗ:

ಇವತ್ತೇ ಬಿಚ್ಚಿ. ಒದ್ದೆ ಬಟ್ಟೆ ಚೀಲದಲ್ಲಿ ಒಂದೆರಡು ದಿನ ಮುದುಡಿ ಬಿದ್ದಿದ್ದರೆ ಬೂಷ್ಟು ಹಿಡಿಯುತ್ತೆ, ಆಮೇಲೆ ಆ ಕಪ್ಪು ಚುಕ್ಕೆ ಹೋಗಲ್ಲ, ನೀರು ತಡೆಯೋ ಲೇಪವೂ ಹಾಳು. ಜಾಗ ಇಲ್ಲದಿದ್ದರೆ ಬಾಗಿಲ ಮೇಲೆ, ಬಟ್ಟೆ ಹಗ್ಗದ ಮೇಲೆ ನೇತು ಹಾಕಿ, ಫ್ಯಾನ್ ಹಾಕಿ. ಬಿರುಬಿಸಿಲಲ್ಲಿ ದಿನಗಟ್ಟಲೆ ಬಿಡಬೇಡಿ, ಬಿಸಿಲಿನ ಅತಿನೇರಳೆ ಕಿರಣ ನೈಲಾನ್ ತಿನ್ನುತ್ತೆ. ಕೆಸರಿದ್ದರೆ ಬರೀ ನೀರು, ಮೆತ್ತನೆ ಸ್ಪಂಜು. ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಕಂಬಿಗಳ ಒಳಗಿರೋ ಎಲಾಸ್ಟಿಕ್ ದಾರ ಒಣಗೋಕೆ ಬಟ್ಟೆಗಿಂತ ಹೆಚ್ಚು ಹೊತ್ತು ಬೇಕು, ಕೀಲುಗಳನ್ನ ಬಿಡಿಸಿ ಹರಡಿಡಿ. ಮೂಲೆಗಳ ದಪ್ಪ ಹೊಲಿಗೆ ಕೈಗೆ ತಣ್ಣಗೆ ತಾಕಿದರೆ ಇನ್ನೂ ತೇವ ಇದೆ ಅಂತ, ಇನ್ನೊಂದು ದಿನ ಬಿಡಿ. ಗೂಟಗಳನ್ನ ಒರೆಸಿ, ಬಾಗಿದ್ದನ್ನ ನೆಟ್ಟಗೆ ಮಾಡಿ, ಕಡಿಮೆ ಬಿದ್ದಿದ್ದರೆ ಈಗಲೇ ತಂದು ಚೀಲಕ್ಕೆ ಹಾಕಿಬಿಡಿ.